ಕಾಗದದ ಮಟ್ಟಿಗೆ ಯಜಮಾನಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅಳತೆ ತೆಗೆಯಲು ಯಾರ ಮನೆಗೆ ಹೋದರೂ ಮೊದಲು ಅಲ್ಲಿ ತೂಗುತ್ತಿದ್ದ ಹಳೆಯ ಪರದೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಹೊಲಿದೋರು ಯಾರು? ಕಣ್ಣು ಮುಚ್ಕೊಂಡು ಹೊಲಿದಿದ್ದಾರೆ" ಎಂದು ಮೂಗು ಮುರಿಯುತ್ತಿದ್ದಳು. ಹೊಲಿದವಳು ಎದುರಿಗೇ ನಿಂತಿದ್ದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಪ್ರತಿ ಕಿಟಕಿಯನ್ನೂ ಮೇಲೊಮ್ಮೆ ಕೆಳಗೊಮ್ಮೆ ಅಳೆಯುತ್ತಿದ್ದಳು. ಗೋಡೆ ಕಟ್ಟಿದವರ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಬೈಸಿಕೊಂಡ ಗಿರಾಕಿಗಳು ಮತ್ತೆ ಅವಳ ಬಾಗಿಲಿಗೇ ಬರುತ್ತಿದ್ದರು, ಏಕೆಂದರೆ ಅವಳು ಕೂರಿಸಿದ ನೆರಿಗೆ ಹತ್ತು ಸಲ ಒಗೆದರೂ ಬೀಳಬೇಕಾದ ಕಡೆಯೇ ಬೀಳುತ್ತಿತ್ತು.

ಕಸುಬು ಶುರುವಾದದ್ದು ಮನೆಯ ಮುಂಕೋಣೆಯಲ್ಲಿ. ಗಂಡ ಕೆಲಸಕ್ಕಿದ್ದ ಬಣ್ಣದ ಅಂಗಡಿಯಲ್ಲಿ ವ್ಯಾಪಾರ ಬಿದ್ದುಹೋಗಿ, ಸಂಬಳ ಅರ್ಧಕ್ಕೆ ಇಳಿದ ವರ್ಷ ಅದು. ಆ ಮನುಷ್ಯನಿಗೆ ಹೂಂ ಅನ್ನುವುದೊಂದು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಸಂಬಳ ಇಳಿಸುತ್ತೇನೆ ಎಂದ ಅಂಗಡಿಯವನಿಗೂ ಹೂಂ ಎಂದು ಬಂದಿದ್ದ. ಹೆಂಡತಿ ತವರಿನಿಂದ ತಂದ ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದಳು. ಬಟ್ಟೆ ಹರಡಿ ಕತ್ತರಿಸಲು ಉದ್ದನೆಯ ಮೇಜು ಬೇಕಾಯಿತು, ಮೇಜಿಗೆ ಜಾಗ ಬೇಕಾಯಿತು. ಮುಂಕೋಣೆಯಲ್ಲಿ ಅತ್ತೆಯ ಮಂಚವಿತ್ತು. ಮನೆ ಅತ್ತೆಯ ಹೆಸರಿನದೇ, ಆದರೆ ಅದನ್ನು ಯಾರೂ ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ.

"ಅತ್ತೆ, ನಿಮಗೇನು, ಮಲಗೋದು ತಾನೇ? ಎಲ್ಲಿ ಮಲಗಿದ್ರೂ ನಿದ್ದೆ ಒಂದೇ" ಎಂದು ಸೊಸೆ ಮಂಚವನ್ನು ಅಡುಗೆಮನೆಯ ಪಕ್ಕದ ಓಣಿಗೆ ಎಳೆದುಹಾಕಿದಳು. ಅಲ್ಲಿ ಕಿಟಕಿಯಿರಲಿಲ್ಲ. ಬಚ್ಚಲಿಗೆ ಹೋಗುವವರೆಲ್ಲ ಮುದುಕಿಯ ಕಾಲು ತಾಗಿಸಿಕೊಂಡೇ ಹೋಗಬೇಕಿತ್ತು. ದೊಡ್ಡ ಮಗ ಹೂಂ ಎಂದ. ಓಣಿಯಿಂದ ಮುಂಕೋಣೆ ನೇರವಾಗಿ ಕಾಣುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಮುದುಕಿ ದಿನವಿಡೀ ಅತ್ತ ನೋಡುತ್ತ ಕೂತಿರುತ್ತಿದ್ದಳು.

ಮೊದಲ ಒಂದೆರಡು ವರ್ಷ ಪರದೆ ಅಕ್ಕನ ಲೆಕ್ಕವೆಲ್ಲ ಒಂದು ಕೈಚೀಲದಲ್ಲಿತ್ತು. ಗಿರಾಕಿ ಕೊಟ್ಟ ದುಡ್ಡು ಅದರೊಳಗೆ ಹೋಗುತ್ತಿತ್ತು. ದಾರದ ಉಂಡೆ, ತರಕಾರಿ, ಕರೆಂಟು ಬಿಲ್ಲು, ಗಂಡನ ಚಪ್ಪಲಿ ಎಲ್ಲವೂ ಅದರೊಳಗಿಂದಲೇ ಹೊರಗೆ ಬರುತ್ತಿದ್ದವು. ತಿಂಗಳ ಕೊನೆಗೆ ಉಳಿದದ್ದೇ ಲಾಭ ಎಂದು ತಿಳಿದಿದ್ದಳು. ಒಂದು ಸಲ ಚೀಲ ಉಬ್ಬಿದ್ದನ್ನು ನೋಡಿ ಸಂಭ್ರಮಕ್ಕೆ ಫ್ರಿಜ್ಜು ತಂದಳು. ಮಾರನೆಯ ವಾರ ಬಟ್ಟೆ ಸಾಹುಕಾರ ಬಿಲ್ಲು ಹಿಡಿದು ಬಾಗಿಲಲ್ಲಿ ನಿಂತ. ಚೀಲದಲ್ಲಿ ಇದ್ದದ್ದೆಲ್ಲ ಅವನ ದುಡ್ಡೇ ಎಂದು ಆಗ ಗೊತ್ತಾಯಿತು. ಕಿವಿಯ ಓಲೆ ಅಡವಿಟ್ಟು ತೀರಿಸಿದಳು.

ಆಗ ಮಧ್ಯೆ ಬಂದವನು ಮೈದುನ. ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕಡತ ಹೊರುವುದು, ಜೆರಾಕ್ಸ್ ಮಾಡಿಸುವುದು, ಸಾಹೇಬರಿಗೆ ಟೀ ತರುವುದು ಅವನ ಕೆಲಸ. ಮನೆಯಲ್ಲಿ ಅವನನ್ನು ಆಡಿಟರು ಎಂದು ಕರೆಯುತ್ತಿದ್ದರು. ಮೊದಲು ಗೇಲಿಗೆ ಕರೆದದ್ದು, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಅವನೇ ನಂಬಿಬಿಟ್ಟ.

"ಅತ್ತಿಗೆ, ಮನೆ ದುಡ್ಡು ಬೇರೆ, ಕಸುಬಿನ ದುಡ್ಡು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ರೆ ಚೀಲವೇ ನಿಮ್ಮನ್ನ ಮುಳುಗಿಸುತ್ತೆ. ಬ್ಯಾಂಕಲ್ಲಿ ಒಂದು ಖಾತೆ ತೆಗೀರಿ. ಒಂದೊಂದು ಬಿಲ್ಲನ್ನೂ ಇಟ್ಕೊಳ್ಳಿ. ನಿಮಗೂ ತಿಂಗಳಿಗೆ ಇಷ್ಟು ಅಂತ ತಗೊಳ್ಳಿ, ಅದರಲ್ಲೇ ಮನೆ ನಡೆಸಿ" ಎಂದ.

ಅವನು ಜೀವಮಾನದಲ್ಲಿ ಕೊಟ್ಟ ಒಳ್ಳೆಯ ಸಲಹೆ ಅದೊಂದೇ. ಅದನ್ನು ಕೊಟ್ಟು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಅಕ್ಕ ಅವನು ಹೇಳಿದಂತೆಯೇ ಮಾಡಿದಳು. ಬಿಲ್ಲುಗಳನ್ನು ದಬ್ಬಣದ ದಾರಕ್ಕೆ ಪೋಣಿಸಿ ಗೋಡೆಗೆ ನೇತುಹಾಕಿದಳು. ಆ ವರ್ಷವೇ ರೈಲು ನಿಲ್ದಾಣದ ಹತ್ತಿರದ ಹೊಸ ವಸತಿಗೃಹದ ಎಲ್ಲ ಕೋಣೆಗಳ ಪರದೆಯ ಕೆಲಸ ಸಿಕ್ಕಿತು. ಅಸ್ತರು ಕೊಟ್ಟು, ಬೆಳಕು ನುಗ್ಗದ ಹಾಗೆ ಹೊಲಿಯಬೇಕು. ಬೆನ್ನು ಬಿಲ್ಲಾಯಿತು, ಬೆರಳ ತುದಿ ಜಡ್ಡುಗಟ್ಟಿತು, ಖಾತೆ ತುಂಬಿತು. ವರ್ಷದ ಕೊನೆಗೆ ಮೈದುನ ಕಾಗದ ಬರೆದು, ತೆರಿಗೆ ಇಷ್ಟು ಕಟ್ಟಬೇಕು ಎಂದಾಗ ಅವಳು ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಇಷ್ಟಾ? ಸೂಜಿ ಚುಚ್ಚಿಸ್ಕೊಂಡಿದ್ದು ನಾನು. ಅವರೇನು ಒಂದು ದಿನ ಬಂದು ದಾರ ಪೋಣಿಸಿ ಕೊಟ್ರಾ?"

ಕಟ್ಟಿದಳು, ಆದರೆ ಹಲ್ಲು ಕಡಿಯುತ್ತ ಕಟ್ಟಿದಳು. ಒಂದು ವಾರ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ದುಡಿದದ್ದರಲ್ಲಿ ದೊಡ್ಡ ಪಾಲು ಆಗಲೂ ಅವಳ ಹತ್ತಿರವೇ ಉಳಿದಿತ್ತು. ಖಾತೆ ಅವಳ ಹೆಸರಿನಲ್ಲಿತ್ತು, ನೋಂದಣಿ ಅವಳ ಹೆಸರಿನಲ್ಲಿತ್ತು, ಗಿರಾಕಿಗಳು ಅವಳ ಹೆಸರನ್ನೇ ಹೇಳುತ್ತಿದ್ದರು. ಉಳಿದದ್ದನ್ನು ನೋಡುವ ಕಣ್ಣು ಅವಳಿಗಿರಲಿಲ್ಲ. ಹೋದದ್ದಕ್ಕೇ ಹೊಟ್ಟೆ ಉರಿಯುತ್ತಿತ್ತು. "ಏನಾದ್ರೂ ದಾರಿ ನೋಡಪ್ಪಾ ಆಡಿಟರೇ" ಎಂದು ಮೈದುನನ ಬೆನ್ನು ಬಿದ್ದಳು.

ಆಡಿಟರು ದಾರಿ ನೋಡಿದ. ವಯಸ್ಸಾದವರಿಗೆ ತೆರಿಗೆಯಲ್ಲಿ ರಿಯಾಯಿತಿ ಹೆಚ್ಚು. ಆದ್ದರಿಂದ ಕಸುಬನ್ನು ಅಮ್ಮನ ಹೆಸರಿಗೆ ಮಾಡುವುದು. ಅಮ್ಮ ಯಜಮಾನಿ. ಉಳಿದವರೆಲ್ಲ ಸಂಬಳದವರು. ಅಣ್ಣ ಮಾರಾಟದ ಮೇಲ್ವಿಚಾರಕ, ತಾನು ಲೆಕ್ಕಪತ್ರದವನು, ಅತ್ತಿಗೆ ಹೊಲಿಗೆ ಕೆಲಸದವಳು. ಸಂಬಳಗಳನ್ನು ಖರ್ಚಿಗೆ ಬರೆದರೆ ಲಾಭ ಕರಗುತ್ತದೆ, ಲಾಭ ಕರಗಿದರೆ ತೆರಿಗೆಯೂ ಕರಗುತ್ತದೆ.

"ಅತ್ತಿಗೆ ಹೆಸರಿಗೆ ಜಾಸ್ತಿ ಸಂಬಳ ಬರೆದ್ರೆ ಹೋದ ವರ್ಷದ ಲೆಕ್ಕದ ಜೊತೆ ಹೋಲಿಸಿ ಕೇಳ್ತಾರೆ. ಅದಕ್ಕೇ ನಿಮಗೆ ದಿನಗೂಲಿ ಬರೀತೀನಿ. ಎಲ್ಲಾ ಕಾಗದದ ಮಟ್ಟಿಗೆ ಅಷ್ಟೇ" ಎಂದ.

"ನಿನ್ನ ಅಮ್ಮ ಏನಾದ್ರೂ ತಕರಾರು ತೆಗೆದ್ರೆ?"

"ಅಮ್ಮನಿಗೆ ಏನು ಗೊತ್ತಾಗುತ್ತೆ?"

"ಅದೂ ಸರೀನೇ" ಎಂದಳು ಅಕ್ಕ. ಮನಸ್ಸಿನಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಿದಳು. ಮುದುಕಿಗೆ ವಯಸ್ಸಾಗಿದೆ, ಕೆಮ್ಮು ಬೇರೆ ಇದೆ; ಇನ್ನು ಎರಡು ಮೂರು ವರ್ಷ ಇದ್ದರೆ ಹೆಚ್ಚು, ಆಮೇಲೆ ಎಲ್ಲವೂ ತನ್ನ ಹೆಸರಿಗೇ ವಾಪಸ್ ಬರುತ್ತದೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಸಂಜೆ ಅತ್ತೆ ಕೆಮ್ಮಿದಾಗ ಕೆಮ್ಮಿನ ಔಷಧಿಯ ಬಾಟಲಿ ಖಾಲಿಯಾಗಿದೆ ಎಂದು ಗೊತ್ತಿದ್ದೂ ತರಿಸಲಿಲ್ಲ.

ಊಟದ ಹೊತ್ತಿಗೆ ಕಾಗದಗಳು ಮುದುಕಿಯ ತಟ್ಟೆಯ ಪಕ್ಕಕ್ಕೆ ಬಂದವು.

"ಏನಿದು?" ಎಂದಳು ಮುದುಕಿ.

"ನಿನ್ನನ್ನ ಯಜಮಾನಿ ಮಾಡ್ತಿದ್ದೀವಿ ಕಣಮ್ಮಾ" ಎಂದ ಚಿಕ್ಕ ಮಗ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಯಜಮಾನಿ ಅಮ್ಮಾವ್ರೇ, ಸ್ವಲ್ಪ ಉಪ್ಪು ಈ ಕಡೆ ದಾಟಿಸಿ. ನಮ್ಮ ಸಂಬಳ ಜಾಸ್ತಿ ಮಾಡಿ, ನಿಮ್ಮ ಕಾಲಿಗೆ ಬೀಳ್ತೀವಿ" ಎಂದು ಕೈ ಮುಗಿದಳು. ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನೂ ತಟ್ಟೆಯ ಕಡೆ ನೋಡುತ್ತಲೇ ನಕ್ಕ. ಮುದುಕಿ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಕೈ ತೊಳೆದುಕೊಂಡು ಬಂದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಅವಳಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ಒಂದೊಂದು ಅಕ್ಷರವೂ ಬೆಟ್ಟದಷ್ಟು ದೊಡ್ಡದು. ಕಾಗದದ ಗೆರೆಯೊಳಗೆ ಹಿಡಿಸಲಿಲ್ಲ ಎಂದು ಅದಕ್ಕೂ ಒಂದು ಸುತ್ತು ನಗೆಯಾಯಿತು.

ಮೊದಲ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ತೆರಿಗೆ ನಿಜವಾಗಿಯೂ ಕರಗಿತು. ಅಕ್ಕ ಮೈದುನನಿಗೆ ಗಡಿಯಾರ ಕೊಡಿಸಿದಳು. ಅವರಿಬ್ಬರೂ ಲೆಕ್ಕಕ್ಕೆ ಹಿಡಿಯದಿದ್ದದ್ದು ಒಂದೇ ಸಂಗತಿ. ಖಾತೆ ಮುದುಕಿಯ ಹೆಸರಿನದಾದ್ದರಿಂದ ಬ್ಯಾಂಕಿನವರು ಅವಳಿಗೊಂದು ಫೋನು ಇರಲೇಬೇಕು ಎಂದರು. ದುಡ್ಡು ಯಾರಿಗೆ ಕಳಿಸಬೇಕಾದರೂ ಆ ಫೋನಿಗೆ ಒಂದು ಗುಟ್ಟಿನ ನಂಬರು ಬರುತ್ತದೆ, ಅದನ್ನು ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ಸೆಕೆಂಡ್‌ಹ್ಯಾಂಡ್ ಫೋನೊಂದನ್ನು ತಂದು ಮುದುಕಿಯ ದಿಂಬಿನ ಪಕ್ಕ ಇಟ್ಟರು. ಮುದುಕಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು.

"ನಂಬರ್ ಬಂತಾ ಅತ್ತೆ?" ಎಂದು ಸೊಸೆ ಮೇಜಿನಿಂದ ಕೂಗುತ್ತಿದ್ದಳು. ಮುದುಕಿ ಓಣಿಯಿಂದ ಒಂದೊಂದೇ ಅಂಕಿ ಓದಿ ಹೇಳುತ್ತಿದ್ದಳು. ಹೀಗೆ ಕೆಲವು ತಿಂಗಳು ನಡೆಯಿತು. ತಿಂಗಳಿಗೊಮ್ಮೆ ಬ್ಯಾಂಕಿಗೂ ಹೋಗಬೇಕಿತ್ತು. ಅಲ್ಲಿನ ಮ್ಯಾನೇಜರು ಎದ್ದು ನಿಂತು ಮುದುಕಿಗೆ ಕುರ್ಚಿ ಕೊಡುತ್ತಿದ್ದರು, "ಈ ವಯಸ್ಸಲ್ಲೂ ವ್ಯಾಪಾರ ನಡೆಸ್ತಿದ್ದೀರಲ್ಲ ಮೇಡಂ, ಮೆಚ್ಚಬೇಕು" ಎನ್ನುತ್ತಿದ್ದರು. ಸೊಸೆ ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿರುತ್ತಿದ್ದಳು. ಗಂಡ ಸತ್ತ ಮೇಲೆ ಆ ಮುದುಕಿಗೆ ಯಾರೂ ಎದ್ದು ನಿಂತು ಕುರ್ಚಿ ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಸಾಹುಕಾರನಿಗೆ ದುಡ್ಡು ಕಳಿಸಬೇಕಿತ್ತು.

"ನಂಬರ್ ಬಂತಾ ಅತ್ತೆ?"

"ಬಂತು."

"ಹೇಳಿ ಮತ್ತೆ."

"ದುಡ್ಡು ಯಾರಿಗೆ?"

ಸೊಸೆಯ ಕತ್ತರಿ ನಿಂತಿತು. "ನಿಮಗ್ಯಾಕೆ ಅದೆಲ್ಲ? ನಂಬರ್ ಹೇಳಿ, ಹೊತ್ತಾದ್ರೆ ಅದು ಸತ್ತುಹೋಗುತ್ತೆ."

"ಸಾಯ್ಲಿ ಬಿಡು. ಇನ್ನೊಂದು ಬರುತ್ತೆ. ನನ್ನ ಮಂಚ ಮುಂಕೋಣೆಗೆ ಬರ್ಲಿ, ಹೇಳ್ತೀನಿ."

ಅಕ್ಕ ಕಿರುಚಿದಳು, ಗದರಿದಳು, ಗಂಡನನ್ನು ಕರೆದಳು. ಗಂಡ ಅಮ್ಮನ ಮಾತಿಗೂ ಹೂಂ ಎಂದ, ಹೆಂಡತಿಯ ಮಾತಿಗೂ ಹೂಂ ಎಂದ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಸಾಹುಕಾರನ ಆಳು ಬಟ್ಟೆಯ ಥಾನು ಇಳಿಸದೆ ಗಾಡಿಯಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಕೊನೆಗೆ ಸೊಸೆಯೂ ಮೈದುನನೂ ಸೇರಿ ಮಂಚ ಹೊತ್ತು ತಂದರು. ಮೇಜನ್ನು ಗೋಡೆಗೆ ಒತ್ತರಿಸಬೇಕಾಯಿತು. ಅಂದಿನಿಂದ ಉದ್ದದ ಬಟ್ಟೆಯನ್ನು ಎರಡು ಸಲ ಮಡಿಸಿ ಕತ್ತರಿಸುವ ಪಾಡು ಅಕ್ಕನಿಗೆ ಬಂತು.

ಅಲ್ಲಿಂದ ಮುಂದೆ ಮುದುಕಿ ಯಾವ ನಂಬರನ್ನೂ ಕೇಳಿದ ತಕ್ಷಣ ಹೇಳಲಿಲ್ಲ. ದಾರಕ್ಕೆ ಇಷ್ಟೇಕೆ, ಪರದೆಯ ಕಣ್ಣಿಗೆ ಹಾಕುವ ಉಕ್ಕಿನ ಉಂಗುರಕ್ಕೆ ಅಷ್ಟೇಕೆ, ಹೋದ ಸಲದ ತುಂಡು ಬಟ್ಟೆ ಎಲ್ಲಿ ಹೋಯಿತು ಎಂದು ಮಂಚದಲ್ಲಿ ಕಾಲು ಚಾಚಿಕೊಂಡು ಕೇಳುತ್ತಿದ್ದಳು. ಕೆಮ್ಮಿಗೆ ಒಳ್ಳೆಯ ಡಾಕ್ಟರ ಔಷಧಿ ಬಂತು. ಕೆಮ್ಮು ನಿಂತಿತು, ಕೆನ್ನೆಯಲ್ಲಿ ಸ್ವಲ್ಪ ಮಾಂಸ ತುಂಬಿತು. ಸೊಸೆ ಅದನ್ನು ನೋಡಿ ಒಳಗೊಳಗೇ ಕುದಿಯುತ್ತಿದ್ದಳು. ಅವಳಿಗೆ ಅತ್ತೆಯನ್ನು ಕಂಡರೆ ಭಯ ಶುರುವಾಗಿತ್ತು, ಆ ಭಯಕ್ಕೆ ಅವಳು ಸಿಟ್ಟು ಎಂದು ಹೆಸರಿಟ್ಟುಕೊಂಡಿದ್ದಳು.

ಇನ್ನು ತಡಮಾಡಬಾರದು ಎಂದು ಅಕ್ಕ ನಿರ್ಧರಿಸಿದಳು. ಬೀದಿಯ ಮೂಲೆಯಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಮುಂದೆ ಗಾಜು, ಹಿಂದೆ ಉದ್ದದ ಕೋಣೆ, ಎರಡು ಮೇಜು ಹಿಡಿಸುವಷ್ಟು ಜಾಗ. ಈ ವರ್ಷದ ಲೆಕ್ಕ ಮುಗಿದ ಕೂಡಲೇ ನೋಂದಣಿಯನ್ನು ತನ್ನ ಹೆಸರಿಗೆ ತಿರುಗಿಸಿಕೊಂಡು, ಖಾತೆಯ ಉಳಿತಾಯವನ್ನು ಮುಂಗಡ ಕೊಟ್ಟು, ಅಲ್ಲಿಗೆ ಹೋಗಿಬಿಡುವುದು. ಆ ಮಳಿಗೆಯ ಮುಂದೆ ಹಾದುಹೋಗುವಾಗಲೆಲ್ಲ ಗಾಜಿಗೆ ಹಣೆ ತಾಗಿಸಿ ಒಳಗೆ ನೋಡುತ್ತಿದ್ದಳು. ತೆರಿಗೆ ಎಷ್ಟಾದರೂ ಕಟ್ಟಿಕೊಳ್ಳುತ್ತೇನೆ, ಕಸುಬು ನನ್ನ ಕೈಗೆ ಬಂದರೆ ಸಾಕು ಎಂದು ಆಗ ಅನ್ನಿಸಿತು. ಬುದ್ಧಿ ಬಂತು, ಆದರೆ ಬರಬೇಕಾದ ಕಾಲಕ್ಕೆ ಬರಲಿಲ್ಲ.

ಅಷ್ಟರಲ್ಲಿ ತೆರಿಗೆ ಕಚೇರಿಯಿಂದ ನೋಟಿಸು ಬಂತು. ಮನೆಗೆ ಬಂದು ಉದ್ಯಮವನ್ನು ಪರಿಶೀಲಿಸುತ್ತೇವೆ, ಎಲ್ಲರೂ ಹಾಜರಿರಬೇಕು ಎಂದು ಬರೆದಿತ್ತು.

ಆಗಿದ್ದದ್ದು ಇಷ್ಟು. ಮೊದಲ ವರ್ಷದ ಗೆಲುವು ಆಡಿಟರ ತಲೆಗೆ ಏರಿತ್ತು. ಎರಡನೆಯ ವರ್ಷ ಅವನು ಮುಂಕೋಣೆಗೆ ಬಾಡಿಗೆಯನ್ನೂ ಖರ್ಚಿಗೆ ಹಾಕಿದ್ದ. ಮನೆ ಅಮ್ಮನದು, ಕಸುಬು ಅಮ್ಮನದು. ಹೀಗಿರುವಾಗ ಅಮ್ಮ ತನ್ನ ಮನೆಯ ಕೋಣೆಗೆ ತನಗೆ ತಾನೇ ತಿಂಗಳು ತಿಂಗಳು ಬಾಡಿಗೆ ಕೊಟ್ಟು, ತಾನೇ ರಸೀದಿ ಬರೆದು, ತಾನೇ ಎರಡೂ ಕಡೆ ಸಹಿ ಹಾಕಿದಂತೆ ಕಾಗದ ತಯಾರಾಗಿತ್ತು. ಎರಡು ರುಜುಗಳೂ ಬೆಟ್ಟದಷ್ಟು ದೊಡ್ಡ ಅಕ್ಷರದವು. ಅದನ್ನು ಕಂಡ ಕಚೇರಿಯ ಗುಮಾಸ್ತ ಮೊದಲು ನಕ್ಕಿರಬೇಕು, ಆಮೇಲೆ ಉಳಿದ ಹಾಳೆಗಳನ್ನೂ ತಿರುವಿ ಹಾಕಿರಬೇಕು.

ಆಡಿಟರ ಮುಖ ಸುಣ್ಣದಂತಾಯಿತು. "ಅತ್ತಿಗೆ, ಬಾಡಿಗೆದು ಹೋಗ್ಲಿ, ತಪ್ಪಾಯ್ತು ಅಂದ್ರೆ ದಂಡ ಹಾಕಿ ಬಿಡ್ತಾರೆ. ಆದರೆ ಅಮ್ಮ ಬರೀ ಹೆಸರಿಗೆ, ನಿಜವಾಗಿ ನಡೆಸೋದು ನೀವು ಅಂತ ಗೊತ್ತಾದ್ರೆ ಎರಡು ವರ್ಷದ್ದೂ ಅಗೆದು ತೆಗೀತಾರೆ. ಬಡ್ಡಿ, ದಂಡ, ಮೇಲೆ ಕೇಸು. ಸುಳ್ಳು ಲೆಕ್ಕ ಬರೆದೋನು ಅಂತ ನನ್ನ ಕೆಲಸ ಹೋಗುತ್ತೆ. ನಿಮ್ಮನ್ನೂ ಬಿಡಲ್ಲ. ನೀವು ಕೂಲಿಗೆ ಬರ್ತೀನಿ ಅಂತ ಗಟ್ಟಿಯಾಗಿ ಹೇಳ್ಬೇಕು."

"ನನ್ನ ಕಸುಬಿಗೆ ನಾನೇ ಕೂಲಿ ಅಂತ ಹೇಳ್ಬೇಕಾ?"

"ಕಾಗದದ ಮಟ್ಟಿಗೆ ಅಷ್ಟೇ ಅತ್ತಿಗೆ."

ಅವಳು ಗಂಡನ ಕಡೆ ನೋಡಿದಳು. ಗಂಡ ಹೂಂ ಎಂದ.

ಮುದುಕಿಗೆ ಪಾಠ ಹೇಳಿಕೊಡಲು ಕೂತರು. ಎಷ್ಟು ಅಗಲದ ಕಿಟಕಿಗೆ ಎಷ್ಟು ಬಟ್ಟೆ, ಅಸ್ತರು ಯಾವುದಕ್ಕೆ ಬೇಕು, ಕೆಳಗಿನ ಮಡಿಕೆ ಎಷ್ಟು ಬಿಡಬೇಕು ಎಂದು ಸೊಸೆ ಶುರು ಮಾಡುವಷ್ಟರಲ್ಲಿ ಮುದುಕಿ ಕೈಯೆತ್ತಿ ತಡೆದಳು. "ಇಷ್ಟು ವರ್ಷ ಓಣಿಯಲ್ಲಿ ಕೂತು ಏನು ನೊಣ ಹೊಡೀತಿದ್ನಾ?" ಎಂದು ಕೇಳಿದಳು.

ಅಧಿಕಾರಿಯಾಗಿ ಬಂದದ್ದು ಒಬ್ಬ ನಡುವಯಸ್ಸಿನ ಹೆಂಗಸು. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಮುಂಕೋಣೆಯನ್ನೆಲ್ಲ ನೋಡಿದರು. ಮಂಚದ ಮೇಲೆ ಕೂತಿದ್ದ ಮುದುಕಿಯನ್ನು ಕೇಳಿದರು, "ನಿಮ್ಮದೇನಾ ಈ ವ್ಯಾಪಾರ?"

"ನನ್ನದೇ."

"ಈ ಕಿಟಕಿಗೆ ನೆರಿಗೆ ಪರದೆ ಹೊಲಿಯೋಕೆ ಎಷ್ಟು ಬಟ್ಟೆ ಬೇಕು?"

"ಅಗಲದ ಎರಡೂವರೆ ಪಾಲು. ಆದರೆ ಮೊದಲು ಮೇಲೂ ಕೆಳಗೂ ಎರಡೂ ಕಡೆ ಅಳೀಬೇಕು. ಗೋಡೆ ಕಟ್ಟಿದೋರನ್ನ ನಂಬೋ ಹಾಗಿಲ್ಲ."

ತನ್ನ ಮಾತು ಅತ್ತೆಯ ಬಾಯಿಂದ ಬಂದದ್ದನ್ನು ಕೇಳಿ ಅಕ್ಕನ ಮೈ ಉರಿದುಹೋಯಿತು. ಅಧಿಕಾರಿ ತಲೆದೂಗಿದರು. ದುಡ್ಡು ಹೇಗೆ ಕಳಿಸುತ್ತೀರಿ ಎಂದು ಕೇಳಿದ್ದಕ್ಕೆ ಮುದುಕಿ ಫೋನು ತೆಗೆದು ತೋರಿಸಿದಳು. ಯಾವ ತಿಂಗಳು ಯಾರಿಗೆ ಏನು ಹೋಯಿತು ಎಂದು ಒಂದೊಂದನ್ನೂ ಹೇಳಿದಳು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ, ಏಕೆಂದರೆ ಪ್ರತಿಯೊಂದನ್ನೂ ಸೊಸೆಯ ಬಾಯಿ ಬಿಡಿಸಿ ತಿಳಿದುಕೊಂಡ ಮೇಲೆಯೇ ನಂಬರು ಕೊಟ್ಟಿದ್ದವಳು ಅವಳು.

"ನೀವು?" ಅಧಿಕಾರಿ ಸೊಸೆಯ ಕಡೆ ತಿರುಗಿದರು.

ಇಡೀ ಬೀದಿಯ ಬಾಯಿ ಮುಚ್ಚಿಸುತ್ತಿದ್ದ ಹೆಂಗಸಿಗೆ ಒಂದು ಮಾತು ಹೊರಡಿಸುವುದು ಕಷ್ಟವಾಯಿತು. "ನಾನು... ಸೊಸೆ. ಹೊಲಿಗೆ ಮಾಡ್ತೀನಿ."

"ಪಾಲುದಾರರಾ?"

"ಅಲ್ಲ. ಕೂಲಿಗೆ."

"ಮೊದಲು ನಿಮ್ಮ ಹೆಸರಲ್ಲಿ ನೋಂದಣಿ ಇತ್ತಲ್ಲ?"

"ಅದು... ನನ್ನ ಕೈಲಿ ನಡೆಸೋಕೆ ಆಗಲಿಲ್ಲ. ಅವರಿಗೆ ಬಿಟ್ಟುಕೊಟ್ಟೆ."

"ಇದನ್ನೇ ಬರೆದುಕೊಡಿ."

ಅಕ್ಕ ಕತ್ತರಿಸುವ ಮೇಜಿನ ಮೇಲೆ ಹಾಳೆ ಇಟ್ಟು ಬರೆದಳು. ಈ ಉದ್ಯಮ ನನ್ನ ಅತ್ತೆಯವರದ್ದು, ನಾನು ಇಲ್ಲಿ ದಿನಗೂಲಿಗೆ ಹೊಲಿಯುತ್ತೇನೆ, ಇದರ ಲಾಭದಲ್ಲಾಗಲಿ ಆಸ್ತಿಯಲ್ಲಾಗಲಿ ನನಗೆ ಯಾವ ಹಕ್ಕೂ ಇಲ್ಲ. ಕೊನೆಯ ಮಾತನ್ನು ಅಧಿಕಾರಿ ಹೇಳಿ ಬರೆಸಿದರು. ಮುದುಕಿ ಮಂಚದಿಂದ ಕಣ್ಣು ಕೀಲಿಸಿ ಅವಳ ಕೈಯನ್ನೇ ನೋಡುತ್ತಿದ್ದಳು. ಬಾಡಿಗೆಯ ಸುಳ್ಳಿಗೆ ಸಣ್ಣ ದಂಡ ಬಿತ್ತು. ಉಳಿದದ್ದೆಲ್ಲ ಸರಿಯಿದೆ ಎಂದು ಬರೆದುಕೊಂಡು ಅಧಿಕಾರಿ ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು.

ಮೈದುನ ಕುಣಿಯುವುದೊಂದು ಬಾಕಿ. ಗಂಡ ತಾನೇ ಟೀ ಮಾಡಿ ತಂದ. ಅಕ್ಕ ಟೀ ಮುಟ್ಟಲಿಲ್ಲ. "ಸರಿ, ಮುಗೀತಲ್ಲ. ನಾಳೇನೇ ನೋಂದಣಿ ನನ್ನ ಹೆಸರಿಗೆ ತಿರುಗಿಸು. ಮೂಲೆ ಮಳಿಗೆಗೆ ಮುಂಗಡ ಕೊಡ್ಬೇಕು" ಎಂದಳು.

ಮೈದುನ ಲೋಟದೊಳಗೆ ಇಣುಕಿದ. "ಈಗಲೇ ಆಗಲ್ಲ ಅತ್ತಿಗೆ. ಹಕ್ಕಿಲ್ಲ ಅಂತ ಬರೆದುಕೊಟ್ಟು ಮರುದಿನವೇ ತಿರುಗಿಸಿದ್ರೆ ಅನುಮಾನ ಬರುತ್ತೆ. ಕೆಲವು ವರ್ಷ ಮುಟ್ಟೋ ಹಾಗೇ ಇಲ್ಲ."

"ಮತ್ತೆ ಮಳಿಗೆ?"

"ಮಳಿಗೆ ತಗೋತೀನಿ" ಎಂದಳು ಮುದುಕಿ ಮಂಚದಿಂದ. "ನಾನು ನೋಡಿದ್ದೀನಿ ಅದನ್ನ. ಚೆನ್ನಾಗಿದೆ. ಚಿಕ್ಕೋನು ಅಲ್ಲಿ ಕೂತು ಗಿರಾಕಿ ನೋಡ್ಕೊಳ್ಳಲಿ. ಕಚೇರಿಯಲ್ಲಿ ಟೀ ಹೊತ್ತು ಸಾಕಾಗಿದೆ ಅವನಿಗೆ. ನೀನು ಹಿಂದಿನ ಕೋಣೇಲಿ ಹೊಲಿ."

"ಅತ್ತೆ, ತಮಾಷೆ ಸಾಕು."

"ತಮಾಷೆ ಮಾಡಿದ್ದು ನೀವು. ನಾನು ಯಾವತ್ತು ಮಾಡಿದ್ದೀನಿ?"

ಅಕ್ಕ ಗಂಡನ ಕಡೆ ತಿರುಗಿ, "ಏನ್ರೀ, ನೀವಾದ್ರೂ ಬಾಯಿ ಬಿಡಿ. ಇದೆಲ್ಲ ಕಟ್ಟಿದ್ದು ಯಾರು?" ಎಂದಳು. ಗಂಡ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. ಆ ದಿನ ಅವನು ಹೂಂ ಅನ್ನಲಿಲ್ಲ. "ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ? ದುಡ್ಡು ಮನೇಲೇ ಇರುತ್ತಲ್ಲ" ಎಂದ. ಮದುವೆಯಾದ ಮೇಲೆ ಅವನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಆದರೂ ಅವಳು ಸೋಲುವ ಜಾತಿಯವಳಲ್ಲ. ಕೈಯಲ್ಲಿ ವಿದ್ಯೆ ಇದೆ, ಬೇರೆ ಎಲ್ಲಾದರೂ ಸಣ್ಣ ಕೋಣೆ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಆಗಿದ್ದಾಗಲಿ ಎಂದು ಮರುದಿನ ಬೆಳಿಗ್ಗೆ ನೇರವಾಗಿ ಬಟ್ಟೆ ಸಾಹುಕಾರನ ಅಂಗಡಿಗೆ ಹೋದಳು. ಇಷ್ಟು ವರ್ಷ ಅವನ ಒಂದು ಬಿಲ್ಲನ್ನೂ ಮುಳುಗಿಸಿರಲಿಲ್ಲ. ಮಾವಿನ ಚಿಗುರಿನ ಬಣ್ಣದ ಒಂದು ಥಾನನ್ನು ಬೆರಳಲ್ಲಿ ಹಿಡಿದು ನೋಡಿ, "ಸಾಹುಕಾರ್ರೇ, ಇದು ಎರಡು ಥಾನು ಬೇಕು. ಬೇರೆ ಲೆಕ್ಕ, ನನ್ನ ಹೆಸರಿಗೆ ಬರ್ಕೊಳ್ಳಿ. ಮುಂದಿನ ತಿಂಗಳು ಕೊಡ್ತೀನಿ" ಎಂದಳು.

ಸಾಹುಕಾರ ಕೂರಲು ಹೇಳಿದ. ನೀರು ತರಿಸಿದ. ಆಮೇಲೆ ಅವಳ ಎದುರಿಗೇ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಗಲ್ಲಾಪೆಟ್ಟಿಗೆಯ ಮೇಲಿಟ್ಟ. "ಮೇಡಂ, ನಮಸ್ಕಾರ. ನಿಮ್ಮ ಟೈಲರಮ್ಮ ಬಂದಿದ್ದಾರೆ. ತಮ್ಮ ಹೆಸರಿಗೆ ಸಾಲ ಕೇಳ್ತಿದ್ದಾರೆ. ಕೊಡಲಾ?"

ಫೋನಿನಿಂದ ಅತ್ತೆಯ ದನಿ ಬಂತು. "ಬೇಡ. ಬೇಗ ಕಳಿಸಿ, ಕೆಲಸ ಬಿದ್ದಿದೆ."

"ಬೇಜಾರು ಮಾಡ್ಕೋಬೇಡಮ್ಮಾ" ಎಂದ ಸಾಹುಕಾರ. "ನೋಂದಣಿ ಇರೋ ಹೆಸರಿಗೆ ಮಾತ್ರ ನಾವು ಸಾಲ ಕೊಡೋದು. ನಿನ್ನೆ ನಿಮ್ಮ ಮನೆಗೆ ಬಂದಿದ್ದರಲ್ಲ, ಆ ಅಧಿಕಾರಿ ಇಲ್ಲಿಗೂ ಬಂದಿದ್ರು. ನೀನು ಬರೆದುಕೊಟ್ಟಿದ್ದನ್ನ ತೋರಿಸಿ, ನಮ್ಮ ಪುಸ್ತಕದ ಜೊತೆ ತಾಳೆ ಹಾಕ್ಕೊಂಡು ಹೋದ್ರು."

ನಿನ್ನೆಯವರೆಗೆ ಅವನು ಅವಳಿಗೆ ನೀವು ಎನ್ನುತ್ತಿದ್ದ. ಅಂಗಡಿಯ ಆಳುಗಳು ಥಾನು ಸುತ್ತುವುದನ್ನು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು. ಅವಳಿಗೆ ಸಾಯುವಷ್ಟು ನಾಚಿಕೆಯಾಯಿತು. ಬಿಸಿಲಲ್ಲಿ ನಡೆದುಕೊಂಡೇ ಮನೆಗೆ ಬಂದಳು. ದಾರಿಯಲ್ಲಿ ಸಿಕ್ಕ ಗಿರಾಕಿಯೊಬ್ಬಳು, "ಏನು ಪರದೆ ಅಕ್ಕ, ನಿಮ್ಮತ್ತೆ ಹೊಸ ಅಂಗಡಿ ಇಡ್ತಾರಂತಲ್ಲ" ಎಂದು ಕೇಳಿದಳು.

ಮುಂಕೋಣೆಯಲ್ಲಿ ಮುದುಕಿ ಮಂಚದ ಮೇಲೆ ದುಡ್ಡು ಹರಡಿಕೊಂಡು ಕೂತಿದ್ದಳು. ಬೈಯುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡು ಅಕ್ಕ ಮೈಯೆಲ್ಲ ಬಿಗಿಹಿಡಿದು ನಿಂತಳು. ಬೈದಿದ್ದರೆ ಜಗಳ ಆಡಬಹುದಿತ್ತು. ಜಗಳ ಆಡುವುದಿದ್ದರೆ ಅತ್ತೆ ಸೊಸೆಯಾಗಿಯಾದರೂ ಉಳಿಯಬಹುದಿತ್ತು. ಮುದುಕಿ ಬೈಯಲಿಲ್ಲ. ಕಾಗದದಲ್ಲಿ ಬರೆದಿದ್ದ ದಿನಗೂಲಿಯ ಲೆಕ್ಕದಲ್ಲಿ ಒಂದು ತಿಂಗಳ ಸಂಬಳ ಎಣಿಸಿ ಮುಂದೆ ಚಾಚಿದಳು.

"ತಗೋ. ಇವತ್ತು ಅರ್ಧ ದಿನ ಬರಲಿಲ್ಲ, ಅದನ್ನ ಹಿಡ್ಕೊಂಡಿದ್ದೀನಿ. ಇನ್ನು ಮೇಲೆ ಹೊರಗೆ ಹೋಗೋದಿದ್ರೆ ಹಿಂದಿನ ದಿನವೇ ಹೇಳು."

ದುಡ್ಡನ್ನು ಮುಖಕ್ಕೆ ಎಸೆಯಬೇಕು ಎಂದು ಅಕ್ಕನಿಗೆ ಅನ್ನಿಸಿತು. ಕೈ ಮುಂದೆ ಹೋಗಿ ತೆಗೆದುಕೊಂಡಿತು. ಅವಳ ಹತ್ತಿರ ಆ ಹೊತ್ತಿಗೆ ಬೇರೆ ಬಿಡಿಗಾಸೂ ಇರಲಿಲ್ಲ. ಇದ್ದದ್ದೆಲ್ಲ ಆ ಖಾತೆಯಲ್ಲಿತ್ತು. ನಿಂತಲ್ಲೇ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಒಂದು ನೋಟನ್ನು ಬೇರೆ ಮಾಡಿ ಬೆಳಕಿಗೆ ಹಿಡಿದು ನೋಡಿದಳು.

"ಇದೊಂದು ಹರಿದಿದೆ" ಎಂದಳು. "ಬದಲಾಯಿಸಿ ಕೊಡಿ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಮುದುಕಿ ನೋಟನ್ನು ತೆಗೆದುಕೊಂಡು ನೋಡಿದಳು. "ಹೌದಲ್ಲ, ನೋಡಿರಲಿಲ್ಲ. ಕೆಲಸದವರ ದುಡ್ಡಲ್ಲಿ ನಾನು ಮೋಸ ಮಾಡಲ್ಲಮ್ಮ" ಎಂದು ಬೇರೆಯದನ್ನು ತೆಗೆದುಕೊಟ್ಟಳು. ಅಕ್ಕ ಅದನ್ನು ಮಡಿಸಿ ಇಟ್ಟುಕೊಂಡು ಮಿಷನ್ನಿನ ಮುಂದೆ ಹೋಗಿ ಕೂತಳು. ವಸತಿಗೃಹದವರ ಪರದೆಗಳು ಸಂಜೆಯೊಳಗೆ ಮುಗಿಯಬೇಕಿತ್ತು.